ತೊಂಬತ್ಮೂರರ ಅಜ್ಜಿಗೆ ಮೂವತ್ತಕ್ಕೆ ಹತ್ತೊಂಬತ್ತು: ಇದು ಕಡಿಮೆಯಾ?

ಪ್ರಶ್ನೆ: ನಾನು ಧಾರವಾಡದವಳು. ಮದುವೆಯಾಗಿ ಯೊಕೊಹಾಮಾದಲ್ಲಿದ್ದೇನೆ. ನನ್ನ ಗಂಡನ ಅಜ್ಜಿಗೆ 93 ವರ್ಷ. ನೀಗಾತಾ ಕಡೆಯ ಹಳ್ಳಿಯಲ್ಲಿ ನನ್ನ ಮಾವನ ಜೊತೆ ಇದ್ದಾರೆ. ಹೋದ ತಿಂಗಳು ಅಲ್ಲಿನ ಡಾಕ್ಟರು ಹಾಸೆಗಾವಾ ಅನ್ನುವ ನೆನಪಿನ ಟೆಸ್ಟ್ ಮಾಡಿದರು. 30ಕ್ಕೆ 19 ಬಂತು. 20 ಅಥವಾ ಅದಕ್ಕಿಂತ ಕಡಿಮೆ ಬಂದರೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರಬಹುದಂತೆ. ಆದರೆ ಡಾಕ್ಟರು "ಈ ವಯಸ್ಸಿಗೆ ಇದು ಸಹಜ" ಅಂದರು. ನನ್ನ ನಾದಿನಿ ಇದನ್ನು ಒಪ್ಪುತ್ತಿಲ್ಲ. 93ರವರಿಗೆ ಇಷ್ಟು ಬಂದರೆ ಸರಿ ಅನ್ನುವ ಲೆಕ್ಕ ಇದೆಯಾ? ಅದನ್ನು ಹೇಗೆ ಮಾಡುತ್ತಾರೆ?

ಉತ್ತರ:

ಡಾಕ್ಟರು ಹೇಳಿದ "ಸಹಜ" ಅನ್ನುವ ಮಾತಿಗೆ ಎರಡು ಅರ್ಥ ಇದೆ. ತುಂಬಾ ಜನರಿಗೆ ಹೀಗಾಗುತ್ತದೆ ಅನ್ನುವುದು ಒಂದು. ಇದು ಕಾಯಿಲೆ ಅಲ್ಲ ಅನ್ನುವುದು ಇನ್ನೊಂದು. ಎಪ್ಪತ್ತರ ವಯಸ್ಸಿನಲ್ಲಿ ಈ ಎರಡೂ ಹೆಚ್ಚುಕಡಿಮೆ ಒಂದೇ. ತೊಂಬತ್ತು ದಾಟಿದ ಮೇಲೆ ದಾರಿ ಬೇರೆಯಾಗುತ್ತದೆ. ಡಾಕ್ಟರು ಬಹುಶಃ ಮೊದಲ ಅರ್ಥದಲ್ಲಿ ಹೇಳಿದರು, ನಿಮ್ಮ ನಾದಿನಿ ಎರಡನೆಯದನ್ನು ಕೇಳಿಸಿಕೊಂಡರು. ನಮ್ಮಲ್ಲಿ "ಅರವತ್ತಕ್ಕೆ ಅರಳು ಮರಳು" ಅನ್ನುವುದಿಲ್ವಾ? ಜಪಾನಿನ ಹಳ್ಳಿಗಳಲ್ಲಿ ಅದೇ ಧಾಟಿಯಲ್ಲಿ "ತೊಶಿ ನೊ ಸೇ" ಅನ್ನುತ್ತಾರೆ. ಎಲ್ಲಾ ವಯಸ್ಸಿನ ದೆಸೆಯಿಂದ ಅಂತ. ಈ ಮಾತು ಎಷ್ಟೋ ಮನೆಗಳಲ್ಲಿ ಕಾಯಿಲೆಯನ್ನು ವರ್ಷಗಟ್ಟಲೆ ಮುಚ್ಚಿಟ್ಟಿದೆ. ಕಾಯಿಲೆಯೇ ಇಲ್ಲದವರನ್ನು ಸುಮ್ನೆ ಹೆದರಿಸಿದ್ದೂ ಇದೆ. ಅದಕ್ಕೇ ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೇ ಉತ್ತರ ಬರೆಯುತ್ತಿದ್ದೇನೆ.

ಮೊದಲು ಟೆಸ್ಟ್ ವಿಷಯ. ಇದನ್ನು ಮಾಡಿದವರು ಕಝುವೊ ಹಾಸೆಗಾವಾ ಅನ್ನುವ ಮನೋವೈದ್ಯರು, 1974ರಲ್ಲಿ. ಈಗ ಬಳಕೆಯಲ್ಲಿರುವುದು 1991ರ ತಿದ್ದಿದ ರೂಪ. ಒಂಬತ್ತು ಪ್ರಶ್ನೆ, 30 ಅಂಕ. ಬರೆಯುವುದು, ಚಿತ್ರ ಬಿಡಿಸುವುದು ಏನೂ ಇಲ್ಲ, ಎಲ್ಲಾ ಬಾಯಿಮಾತಿನಲ್ಲೇ. ಕೈ ನಡುಗುವ ಮುದುಕರಿಗೆ ಇದು ದೊಡ್ಡ ಅನುಕೂಲ. ಹಾಸೆಗಾವಾ ಅವರು ಇನ್ನೊಂದು ಕೆಲಸಕ್ಕೂ ಹೆಗಲು ಕೊಟ್ಟರು. ಜಪಾನಿನಲ್ಲಿ ಈ ಕಾಯಿಲೆಗೆ "ಚಿಹೋ" ಅನ್ನುತ್ತಿದ್ದರು. ಅದರಲ್ಲಿ ದಡ್ಡತನ ಅನ್ನುವ ಅವಮಾನದ ಅರ್ಥ ಇತ್ತು. 2004ರಲ್ಲಿ ಸರ್ಕಾರ ಆ ಪದ ಬಿಟ್ಟು "ನಿಂಚಿಶೋ" ಅನ್ನುವ ಹೊಸ ಪದ ತಂದಿತು. 2017ರಲ್ಲಿ ಹಾಸೆಗಾವಾ ಅವರು ತಮಗೇ ಆ ಕಾಯಿಲೆ ಬಂದಿದೆ ಎಂದು ಎಲ್ಲರ ಮುಂದೆ ಹೇಳಿಕೊಂಡರು. 2021ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು. ನನಗೆ ಅವರ ಮೇಲೆ ತುಂಬಾ ಗೌರವ.

ಆದರೆ 20 ಅನ್ನುವ ಗೆರೆ ಎಲ್ಲಾ ವಯಸ್ಸಿನವರಿಗೂ ಒಂದೇ. 68ರವರಿಗೂ ಅದೇ, 93ರವರಿಗೂ ಅದೇ. ಅದು ಜರಡಿ ಇದ್ದ ಹಾಗೆ. ಯಾರನ್ನು ಮುಂದೆ ಚೆನ್ನಾಗಿ ಪರೀಕ್ಷಿಸಬೇಕು ಅಂತ ಹೇಳುತ್ತದೆ, ಅಷ್ಟೇ. ಅಜ್ಜಿಯ ಅಂಕವನ್ನು ಅವರ ಓರಗೆಯವರ ಜೊತೆ ಹೋಲಿಸಬೇಕು ಅಂದರೆ ಬೇರೆ ಪಟ್ಟಿ ಬೇಕು. ಅಂಗನವಾಡಿಯಲ್ಲಿ ಮಗುವಿನ ತೂಕ ನೋಡುವ ಚಾರ್ಟ್ ಇರುತ್ತದಲ್ವಾ? ಒಂಬತ್ತು ತಿಂಗಳ ಮಗುವಿನ ತೂಕವನ್ನು ಒಂಬತ್ತು ತಿಂಗಳ ಮಕ್ಕಳ ಜೊತೆಗೇ ಹೋಲಿಸುತ್ತಾರೆ. ನೆನಪಿನ ಟೆಸ್ಟಿಗೂ ಅಂಥದ್ದೇ ಚಾರ್ಟ್ ಇರುತ್ತದೆ. ಅದಕ್ಕೆ ನಾವು ನಾರ್ಮ್ಸ್ ಅನ್ನುತ್ತೇವೆ.

ತೊಂದರೆ ಏನೆಂದರೆ, ಹೆಚ್ಚಿನ ಚಾರ್ಟ್‌ಗಳು ತೊಂಬತ್ತಕ್ಕೆ ಮುಂಚೆಯೇ ಮುಗಿದುಹೋಗುತ್ತವೆ. ವೆಕ್ಸ್ಲರ್ ಮೆಮೊರಿ ಸ್ಕೇಲ್ ಅನ್ನುವ ದೊಡ್ಡ ಟೆಸ್ಟಿನ ಜಪಾನೀ ರೂಪ 2001ರಲ್ಲಿ ಬಂತು. ಅದರ ನಾರ್ಮ್ಸ್ 16ರಿಂದ 74 ವರ್ಷದವರೆಗೆ ಮಾತ್ರ. ಅಂದರೆ ನಿಮ್ಮ ಅಜ್ಜಿ ಆ ಚಾರ್ಟ್ ದಾಟಿ ಹತ್ತೊಂಬತ್ತು ವರ್ಷ ಮುಂದೆ ಇದ್ದಾರೆ. ಇಂಥವರು ಬೆರಳೆಣಿಕೆಯಷ್ಟು ಜನ ಅಲ್ಲ. 1963ರಲ್ಲಿ ಜಪಾನಿನಲ್ಲಿ ನೂರು ತುಂಬಿದವರು 153 ಮಂದಿ. ಆ ವರ್ಷದಿಂದ ನೂರು ತುಂಬಿದವರಿಗೆ ಸರ್ಕಾರ ಬೆಳ್ಳಿ ಬಟ್ಟಲು ಕೊಡಲು ಶುರು ಮಾಡಿತು. 2025ರ ಸೆಪ್ಟೆಂಬರ್‌ನಲ್ಲಿ ನೂರು ದಾಟಿದವರು 99,763 ಮಂದಿ, ಅದರಲ್ಲಿ ಶೇ. 88ರಷ್ಟು ಹೆಂಗಸರು. ಬಟ್ಟಲು ಅಪ್ಪಟ ಬೆಳ್ಳಿಯಿಂದ ಬೆಳ್ಳಿ ಲೇಪಕ್ಕೆ ಇಳಿದು ಆಗಲೇ ಹತ್ತಿರ ಹತ್ತಿರ ಹತ್ತು ವರ್ಷ ಆಯಿತು. ನೆನಪಿನ ಚಾರ್ಟ್‌ಗಳು ಮಾತ್ರ ಈ ವೇಗಕ್ಕೆ ಬೆಳೆಯಲಿಲ್ಲ.

ಯಾಕೆ ಬೆಳೆಯಲಿಲ್ಲ? ಸೋಮಾರಿತನದಿಂದ ಅಲ್ಲ. ಕೆಲಸವೇ ಕಷ್ಟದ್ದು. ಎಲ್ಲಿ ಕಷ್ಟ ಅಂತ ಹೇಳುತ್ತೇನೆ.

ಮೊದಲ ತೊಡಕು, ಯಾರನ್ನು ಸೇರಿಸಿಕೊಳ್ಳುವುದು? ಮನೆಮನೆಗೆ ಕಾಗದ ಕಳಿಸಿ "ಇಂಥ ದಿನ ಸಮುದಾಯ ಭವನಕ್ಕೆ ಬನ್ನಿ, ನೆನಪಿನ ಪರೀಕ್ಷೆ ಇದೆ" ಅಂದರೆ ತೊಂಬತ್ತರವರಲ್ಲಿ ಯಾರು ಬರುತ್ತಾರೆ? ಕಾಲು ಗಟ್ಟಿ ಇದ್ದವರು, ನೆನಪಿನ ಬಗ್ಗೆ ಧೈರ್ಯ ಇದ್ದವರು. ಉಳಿದವರ ಮನೆಯವರು "ಅವರಿಗೆ ಆಗುವುದಿಲ್ಲ" ಎಂದು ಫೋನಿನಲ್ಲೇ ಹೇಳಿಬಿಡುತ್ತಾರೆ. 2010ರಲ್ಲಿ ಶುರುವಾದ ಸಾನಿಕ್ ಅನ್ನುವ ಅಧ್ಯಯನ ಈ ವಿಷಯದಲ್ಲಿ ಮುಖ್ಯವಾದದ್ದು. ಒಸಾಕಾ ವಿಶ್ವವಿದ್ಯಾಲಯ, ಟೋಕಿಯೊದ ವೃದ್ಧಾಪ್ಯ ಸಂಶೋಧನಾ ಸಂಸ್ಥೆ, ಕೇಯೊ ವಿಶ್ವವಿದ್ಯಾಲಯದವರು ಸೇರಿ ಮಾಡುತ್ತಿರುವ ಕೆಲಸ. ಅವರು ವಯಸ್ಸಿನ ಗುಂಪನ್ನು ತುಂಬಾ ಬಿಗಿಯಾಗಿ ಹಿಡಿದರು: 69ರಿಂದ 71, 79ರಿಂದ 81, 89ರಿಂದ 91. ಜಾಗವನ್ನೂ ಎರಡು ಬಗೆಯಲ್ಲಿ ಆರಿಸಿದರು. ಟೋಕಿಯೊದಲ್ಲಿ ಇತಾಬಾಶಿ ಅನ್ನುವ ನಗರದ ಭಾಗ, ನಿಶಿತಾಮಾ ಅನ್ನುವ ಬೆಟ್ಟದ ಕಡೆ. ಹ್ಯೋಗೊ ಪ್ರಾಂತ್ಯದಲ್ಲಿ ಇತಾಮಿ ಪೇಟೆ, ಅಸಾಗೊ ಹಳ್ಳಿಗಾಡು. ನೂರು ದಾಟಿದವರ ಮನೆಗೆ ತಾವೇ ಹೋದರು. ಇದು ಸರಿಯಾದ ದಾರಿ ಎಂದು ನನ್ನ ಅಭಿಪ್ರಾಯ.

ಎರಡನೆಯದು ಇನ್ನೂ ಗಟ್ಟಿ ಗಂಟು. ಡಿಮೆನ್ಷಿಯಾ ಇರುವವರನ್ನು ಚಾರ್ಟಿನಲ್ಲಿ ಸೇರಿಸಬೇಕಾ, ಬಿಡಬೇಕಾ? 2013ರಲ್ಲಿ ಬಂದ ಜಪಾನಿನ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 65 ದಾಟಿದವರಲ್ಲಿ ಸುಮಾರು ಶೇ. 15 ಮಂದಿಗೆ ಡಿಮೆನ್ಷಿಯಾ ಇತ್ತು. ಆದರೆ 95 ದಾಟಿದವರನ್ನಷ್ಟೇ ನೋಡಿದರೆ ಅದು ಸುಮಾರು ಶೇ. 80. ಈಗ ಯೋಚಿಸಿ. 95 ದಾಟಿದ ಎಲ್ಲರನ್ನೂ ಕೂಡಿಸಿ ಸರಾಸರಿ ತೆಗೆದರೆ ಅದು ಕಾಯಿಲೆಯ ಸರಾಸರಿಯೇ ಆಗುತ್ತದೆ. ಆಗ ಯಾರನ್ನು ನೋಡಿದರೂ "ಈ ವಯಸ್ಸಿಗೆ ಸಹಜ" ಅನ್ನಬಹುದು. ಕಾಯಿಲೆ ಇರುವವರನ್ನು ತೆಗೆದರೋ, ಐವರಲ್ಲಿ ಒಬ್ಬರು ಉಳಿಯುತ್ತಾರೆ. ಆ ಒಬ್ಬರು ಅಪರೂಪದವರು. ಅವರ ಪಕ್ಕ ನಿಲ್ಲಿಸಿದರೆ ಉಳಿದವರೆಲ್ಲ ಸೋತಂತೆ ಕಾಣುತ್ತದೆ. 2000ದಿಂದ 2002ರವರೆಗೆ ಟೋಕಿಯೊದಲ್ಲಿ ನೂರು ದಾಟಿದ 304 ಮಂದಿಯನ್ನು ನೋಡಿದ ಅಧ್ಯಯನವೊಂದಿದೆ. ಕಣ್ಣು, ಕಿವಿ, ದಿನದ ಕೆಲಸ, ಬುದ್ಧಿ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಎಲ್ಲದರಲ್ಲೂ ತುಂಬಾ ಚೆನ್ನಾಗಿದ್ದವರು ಶೇ. 2 ಮಾತ್ರ. ಸ್ವಲ್ಪ ಹೆಚ್ಚುಕಡಿಮೆಯಿದ್ದರೂ ತಮ್ಮ ಪಾಡಿಗೆ ತಾವು ಇದ್ದವರು ಶೇ. 18.

ಎರಡೂ ಚಾರ್ಟ್ ಬೇಕು ಎಂದೇ ನಾನು ಹೇಳುವುದು. ಊರಿನಲ್ಲಿ ಎಷ್ಟು ಜನರಿಗೆ ಆರೈಕೆ ಬೇಕಾದೀತು ಅಂತ ಪುರಸಭೆ ಲೆಕ್ಕ ಹಾಕುವುದಕ್ಕೆ ಎಲ್ಲರನ್ನೂ ಸೇರಿಸಿದ ಚಾರ್ಟ್ ಸರಿ. ನಿಮ್ಮ ಅಜ್ಜಿಗೆ ಕಾಯಿಲೆ ಇದೆಯೋ ಇಲ್ಲವೋ ಅನ್ನುವುದಕ್ಕೆ ಕಾಯಿಲೆ ಇಲ್ಲದವರ ಚಾರ್ಟ್ ಬೇಕು. ಒಂದನ್ನು ಇನ್ನೊಂದರ ಜಾಗದಲ್ಲಿ ಬಳಸಿದಾಗಲೇ ಎಡವಟ್ಟಾಗುವುದು.

ಕಾಯಿಲೆ ಇಲ್ಲದವರು ಅಂತ ಹೇಗೆ ಗೊತ್ತು ಮಾಡುವುದು? ನೆನಪಿನ ಟೆಸ್ಟಿನಿಂದಲೇ ಆರಿಸಿದರೆ ನಾಯಿ ತನ್ನ ಬಾಲವನ್ನೇ ಅಟ್ಟಿಸಿಕೊಂಡು ಸುತ್ತಿದ ಹಾಗೆ. ಅದಕ್ಕೇ ಮನೆಯವರನ್ನು ಕೇಳುತ್ತಾರೆ. ದುಡ್ಡಿನ ಲೆಕ್ಕ ನೋಡಿಕೊಳ್ಳುತ್ತಾರಾ? ಮಾತ್ರೆ ತಾವೇ ತೆಗೆದುಕೊಳ್ಳುತ್ತಾರಾ? ಮೊನ್ನೆ ಬಂದು ಹೋದ ನೆಂಟರು ನೆನಪಿದ್ದಾರಾ? ಇದರಲ್ಲೂ ಒಂದು ತೊಡಕು. 93ರ ತಾಯಿಯ ಬಗ್ಗೆ ಹೇಳಬೇಕಾದ ಮಗನಿಗೇ 70 ಆಗಿರುತ್ತದೆ. ಮುದುಕರನ್ನು ಮುದುಕರೇ ನೋಡಿಕೊಳ್ಳುವ ಇಂಥ ಮನೆಗಳು ಎಷ್ಟಿವೆ ಅಂದರೆ, "ರೋರೋ ಕೈಗೊ" ಅನ್ನುವ ಪದವೇ ಜಪಾನಿನಲ್ಲಿ ಹುಟ್ಟಿದೆ. ಮತ್ತೆ, ಇವತ್ತು ಚೆನ್ನಾಗಿ ಕಂಡವರಲ್ಲಿ ಕೆಲವರಿಗೆ ಕಾಯಿಲೆ ಒಳಗೊಳಗೇ ಶುರುವಾಗಿರುತ್ತದೆ. ಅವರೂ ಚಾರ್ಟಿನಲ್ಲಿ ಸೇರಿಕೊಂಡು ಸರಾಸರಿಯನ್ನು ಕೆಳಗೆ ಎಳೆಯುತ್ತಾರೆ. ಅವರನ್ನು ಬೇರೆ ಮಾಡಲು ಮೂರು ನಾಲ್ಕು ವರ್ಷ ಕಾಯಬೇಕು, ಮತ್ತೆ ಹೋಗಿ ನೋಡಬೇಕು. ಎಪ್ಪತ್ತರವರಲ್ಲಿ ಇದು ಆಗುವ ಕೆಲಸ. ತೊಂಬತ್ತೈದರವರ ಮನೆಗೆ ಮೂರು ವರ್ಷ ಬಿಟ್ಟು ಹೋದರೆ ಎಷ್ಟೋ ಕಡೆ ಫೋಟೊಗೆ ಕೈಮುಗಿದು ಬರಬೇಕಾಗುತ್ತದೆ.

ಇನ್ನು ಓದು. ನೆನಪಿನ ಅಂಕದ ಮೇಲೆ ಶಾಲೆಯ ವರ್ಷಗಳ ಪ್ರಭಾವ ತುಂಬಾ ಜಾಸ್ತಿ. ಅಮೆರಿಕದ ಒಂದು ದೊಡ್ಡ ಆಲ್ಜೈಮರ್ ಅಧ್ಯಯನದಲ್ಲಿ ಒಂದು ಸಣ್ಣ ಕಥೆ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತಾರೆ. ಪೂರ್ತಿ ಅಂಕ 25. ಹದಿನಾರು ವರ್ಷ ಅಥವಾ ಜಾಸ್ತಿ ಓದಿದವರಿಗೆ 8 ಅಥವಾ ಕಡಿಮೆ ಬಂದರೆ ನೆನಪು ಕುಂದಿದೆ ಅನ್ನುತ್ತಾರೆ. ಎಂಟರಿಂದ ಹದಿನೈದು ವರ್ಷ ಓದಿದವರಿಗೆ ಆ ಗೆರೆ 4. ಅದಕ್ಕೂ ಕಡಿಮೆ ಓದಿದವರಿಗೆ 2. ಅದೇ ಕಥೆ, ಅದೇ ಟೆಸ್ಟ್, ಗೆರೆ ಮಾತ್ರ ಇಷ್ಟು ಬೇರೆ.

ಈಗ ನಿಮ್ಮ ಅಜ್ಜಿಯ ಓದನ್ನು ಲೆಕ್ಕ ಹಾಕೋಣ. ಅವರು 1932ರ ಸುಮಾರಿಗೆ ಹುಟ್ಟಿದವರು. 1939ರ ಹೊತ್ತಿಗೆ ಶಾಲೆಗೆ ಸೇರಿರುತ್ತಾರೆ. 1941ರಲ್ಲಿ ಪ್ರಾಥಮಿಕ ಶಾಲೆಗಳೆಲ್ಲ "ಕೊಕುಮಿನ್ ಗಕ್ಕೊ" ಆದವು, ಅಂದರೆ ಯುದ್ಧಕಾಲದ ರಾಷ್ಟ್ರೀಯ ಶಾಲೆ. ಆರು ವರ್ಷ ಮುಗಿಯುವ ಹೊತ್ತಿಗೆ 1945ರ ಮಾರ್ಚ್. ಸರಿಯಾಗಿ ಅದೇ ತಿಂಗಳು ಸರ್ಕಾರ ಒಂದು ತೀರ್ಮಾನ ಮಾಡಿತು. ಏಪ್ರಿಲ್‌ನಿಂದ ಒಂದು ವರ್ಷ, ಪ್ರಾಥಮಿಕ ಹಂತ ಬಿಟ್ಟು ಉಳಿದ ಎಲ್ಲಾ ತರಗತಿಗಳ ಪಾಠ ನಿಲ್ಲಿಸುವುದು, ಮಕ್ಕಳನ್ನು ಕೆಲಸಕ್ಕೆ ಹಚ್ಚುವುದು. ಆಗಸ್ಟ್‌ನಲ್ಲಿ ಯುದ್ಧ ಮುಗಿಯಿತು. ಒಂಬತ್ತು ವರ್ಷದ ಕಡ್ಡಾಯ ಓದು ಬಂದದ್ದು 1947ರಲ್ಲಿ. ಹೀಗಾಗಿ ಫಾರಂನಲ್ಲಿ "ಓದು: 8 ವರ್ಷ" ಅಂತ ಇದ್ದರೂ ಅದರಲ್ಲಿ ಪಾಠ ಎಷ್ಟು, ಗದ್ದೆ ಕೆಲಸ ಎಷ್ಟು ಅನ್ನುವುದು ಬೇರೆ ವಿಷಯ. ಅವರಿಗಿಂತ ಹತ್ತು ವರ್ಷ ಚಿಕ್ಕವರ 9 ವರ್ಷದ ಓದಿಗೂ ಇವರ 8 ವರ್ಷಕ್ಕೂ ಒಂದು ವರ್ಷದ ವ್ಯತ್ಯಾಸ ಅಲ್ಲ, ಇಡೀ ಕಾಲದ ವ್ಯತ್ಯಾಸ. ಚಾರ್ಟ್ ಮಾಡುವವರು ಅಂಕಿಯನ್ನಷ್ಟೇ ತುಂಬಿಸಿಕೊಂಡರೆ ಈ ಪೀಳಿಗೆಗೆ ಅನ್ಯಾಯ ಆಗುತ್ತದೆ. ಇದು ನನಗೆ ಮನಸ್ಸಿಗೆ ಹತ್ತಿರದ ವಿಷಯ.

ಪೀಳಿಗೆಯ ಮಾತು ಬಂತಲ್ಲ, ಚಾರ್ಟ್ ಹಳೆಯದೂ ಆಗುತ್ತದೆ. ಡೆನ್ಮಾರ್ಕಿನಲ್ಲಿ 1905ರಲ್ಲಿ ಹುಟ್ಟಿದವರನ್ನು 93ರಲ್ಲಿ, 1915ರಲ್ಲಿ ಹುಟ್ಟಿದವರನ್ನು 95ರಲ್ಲಿ ಪರೀಕ್ಷಿಸಿದರು. ಎರಡು ವರ್ಷ ದೊಡ್ಡವರಾಗಿದ್ದರೂ ಎರಡನೇ ಗುಂಪಿನವರೇ ಜಾಸ್ತಿ ಅಂಕ ತೆಗೆದರು. ಹಾಗಾಗಿ ಇವತ್ತು ಮಾಡಿದ ಚಾರ್ಟ್ ಮುಂದಿನ ತಲೆಮಾರಿನ ತೊಂಬತ್ತರವರಿಗೆ ಹಾಗೇ ಹೊಂದುತ್ತದೆ ಅನ್ನಲಾಗದು.

ಈಗ ನಾನು ಕಣ್ಣಾರೆ ಕಂಡದ್ದೊಂದು. ಜಪಾನಿನಲ್ಲಿ ಕೆಲಸ ಮಾಡುತ್ತಿದ್ದಾಗ ಉತ್ತರದ ಕಡೆಯ ಒಂದು ಹಳ್ಳಿಗೆ ಸಹೋದ್ಯೋಗಿಯ ಜೊತೆ ಮನೆಭೇಟಿಗೆ ಹೋಗಿದ್ದೆ. ಪ್ರಶ್ನೆ ಕೇಳುವವರು ಅವರು, ಪಕ್ಕದಲ್ಲಿ ಕೂತು ಬರೆದುಕೊಳ್ಳುವವನು ನಾನು. ಅಜ್ಜಿಗೆ 94. ಕೊತಾತ್ಸು ಅನ್ನುವ ಬೆಚ್ಚನೆಯ ಗಿಡ್ಡ ಮೇಜಿನ ಹೊದಿಕೆಯೊಳಗೆ ಕಾಲಿಟ್ಟು ಕೂತಿದ್ದರು. ಹಾಸೆಗಾವಾ ಟೆಸ್ಟಿನಲ್ಲಿ ಮೂರು ಪದ ಹೇಳಿ, ಆಮೇಲೆ ಕೇಳುವ ಪ್ರಶ್ನೆ ಇದೆ: ಸಕುರಾ, ನೆಕೊ, ದೆನ್ಶಾ. ಚೆರ್ರಿ ಹೂವಿನ ಮರ, ಬೆಕ್ಕು, ರೈಲು. ಅಜ್ಜಿ ಹಿಂದಿರುಗಿಸಿ ಹೇಳಿದ್ದು "ಮಕುರಾ, ನೆಕೊ, ಕಿಶಾ". ಮಕುರಾ ಅಂದರೆ ದಿಂಬು. ಕಿಶಾ ಅಂದರೆ ಉಗಿಬಂಡಿ, ಆ ಕಾಲದವರು ರೈಲಿಗೆಲ್ಲ ಹಾಗೇ ಅನ್ನುವುದು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಾಗಲೂ ತಡವರಿಸದೆ ಅದೇ ಮೂರು ಪದ ಹೇಳಿದರು: ಮಕುರಾ, ನೆಕೊ, ಕಿಶಾ. ಹಾಳೆಯ ಪ್ರಕಾರ ನೋಡಿದರೆ ಮೂರರಲ್ಲಿ ಒಂದೇ ಸರಿ. ಆದರೆ ನೆನಪಿನಲ್ಲಿ ಏನು ಹೋಗಿದೆ? ಏನೂ ಹೋಗಿಲ್ಲ. "ಸ" ಅನ್ನುವ ತೆಳುವಾದ ಶಬ್ದ ಕಿವಿಗೆ ಬೀಳಲಿಲ್ಲ, ಅಷ್ಟೇ. ವಯಸ್ಸಾದಂತೆ ಮೊದಲು ಹೋಗುವುದು ಈ ತೆಳು ಶಬ್ದಗಳೇ. ಸಹೋದ್ಯೋಗಿ ಚೀಲದಿಂದ ಧ್ವನಿ ಹಿಗ್ಗಿಸುವ ಸಣ್ಣ ಯಂತ್ರ ತೆಗೆದು ಅವರ ಕಿವಿಗೆ ಕೊಟ್ಟರು. "ಓ, ಸಕುರಾನಾ!" ಎಂದು ಅಜ್ಜಿ ನಕ್ಕ ನಗು ಈಗಲೂ ಕಿವಿಯಲ್ಲಿದೆ. ತರಕಾರಿ ಹೆಸರು ಹೇಳುವ ಪ್ರಶ್ನೆಗೆ ಕಣ್ಣು ಮುಚ್ಚಿಕೊಂಡು ತಮ್ಮ ಹೊಲದ ಸಾಲು ಸಾಲಾಗಿ ನಡೆದುಕೊಂಡು ಹೋದ ಹಾಗೆ ಹೇಳಿದರು. ಮೂಲಂಗಿ, ಈರುಳ್ಳಿ ಸೊಪ್ಪು, ಕೆಸವಿನ ಗೆಡ್ಡೆ, ಬದನೆ... ಹತ್ತು ದಾಟಿದ್ದು ಅವರಿಗೂ ಗೊತ್ತಾಗಲಿಲ್ಲ.

ಚಾರ್ಟ್ ಮಾಡುವಾಗ ಇಂಥದ್ದನ್ನೆಲ್ಲ ಮೊದಲೇ ಬರೆದಿಡಬೇಕು. ಯಾವ ತಪ್ಪು ಕಿವಿಯದು, ಯಾವುದು ನೆನಪಿನದು? ಕಿಶಾ ಅಂದರೆ ಅಂಕ ಕೊಡಬೇಕಾ? ವರ್ಷ ಕೇಳಿದಾಗ ರೇವಾ ಯುಗದ, ಅಂದರೆ ಈಗಿನ ಚಕ್ರವರ್ತಿಯ ಆಳ್ವಿಕೆಯಿಂದ ಎಣಿಸುವ ಲೆಕ್ಕದಲ್ಲಿ ಹೇಳಿದರೂ ಒಪ್ಪಬೇಕಲ್ವಾ? ವಯಸ್ಸಿನ ಪ್ರಶ್ನೆಗೆ ಈ ಟೆಸ್ಟಿನಲ್ಲೇ ಎರಡು ವರ್ಷ ಆಚೀಚೆ ಆದರೂ ಅಂಕ ಇದೆ. ಹುಟ್ಟಿದಾಗಲೇ ಒಂದು ವರ್ಷ, ಪ್ರತಿ ಹೊಸವರ್ಷಕ್ಕೆ ಇನ್ನೊಂದು ಅಂತ ಎಣಿಸುವ ಹಳೆಯ ಪದ್ಧತಿಯಲ್ಲಿ ಬೆಳೆದವರಿಗೆ ಆ ಸಡಿಲ ತುಂಬಾ ಬೇಕಾದದ್ದು.

ಲೆಕ್ಕದ ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ಸರಾಸರಿಯಿಂದ ಇಷ್ಟು ಕೆಳಗೆ ಅಂತ ಗೆರೆ ಎಳೆಯುತ್ತಾರೆ. ಉದಾಹರಣೆಗೆ, ತೊಂಬತ್ತರವರ ಕಥೆ ನೆನಪಿನ ಸರಾಸರಿ 5 ಇದ್ದು, ಒಬ್ಬರಿಂದ ಒಬ್ಬರಿಗೆ ಏರಿಳಿತ 4 ಇದೆ ಅಂದುಕೊಳ್ಳಿ. ಸರಾಸರಿಯಿಂದ ಆ ಏರಿಳಿತದ ಒಂದೂವರೆ ಪಟ್ಟು, ಅಂದರೆ 6, ಕೆಳಗೆ ಹೋದರೆ ಸೊನ್ನೆಗಿಂತ ಒಂದು ಕಡಿಮೆ! ಅಷ್ಟು ಕಡಿಮೆ ಅಂಕ ಯಾರಿಗೂ ಬರುವುದಿಲ್ಲ, ಹಾಗಾಗಿ ಯಾರಿಗೂ ಕಾಯಿಲೆ ಇಲ್ಲ ಅಂದಂತಾಯಿತು. ಅದಕ್ಕೇ ಈ ವಯಸ್ಸಿನಲ್ಲಿ ಸರಾಸರಿ ಬಿಟ್ಟು "ನೂರು ಜನರಲ್ಲಿ ಎಷ್ಟನೆಯವರು" ಅಂತ ನೋಡಬೇಕು. ಅದಕ್ಕೆ ತುಂಬಾ ಜನ ಬೇಕು. ನಲವತ್ತೇ ಜನ ಇದ್ದರೆ ಕೆಳಗಿನ ಶೇ. 5 ಅಂದರೆ ಇಬ್ಬರು. ಅವತ್ತು ಅವರಲ್ಲಿ ಒಬ್ಬರಿಗೆ ಜ್ವರ ಇತ್ತು ಅಂದರೆ ಗೆರೆಯೇ ಜರುಗಿಬಿಡುತ್ತದೆ. ತೊಂಬತ್ತು ದಾಟಿದ ಗಂಡಸರಂತೂ ಸಿಗುವುದೇ ಕಷ್ಟ.

ನಮ್ಮ ಕಡೆಯೂ ಇದೇ ಕಥೆ. ನಿಮ್ಹಾನ್ಸ್‌ನವರು 2004ರಲ್ಲಿ ತಂದ ಟೆಸ್ಟ್‌ಗಳ ನಾರ್ಮ್ಸ್ 16ರಿಂದ 65ರವರೆಗೆ. ಆಮೇಲೆ ಹಿರಿಯರಿಗಾಗಿ ಬೇರೆ ಮಾಡಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಟೆಸ್ಟ್‌ಗಳು ಕನ್ನಡದಲ್ಲೂ ಇವೆ. ಕೋಲಾರದ ಶ್ರೀನಿವಾಸಪುರದಲ್ಲಿ 45 ದಾಟಿದ ಹಳ್ಳಿಯವರನ್ನು ವರ್ಷಗಟ್ಟಲೆ ನೋಡುತ್ತಾ ಬರುವ ದೊಡ್ಡ ಅಧ್ಯಯನ ನಡೆಯುತ್ತಿದೆ. ಧಾರವಾಡದ ನಿಮ್ಮ ಮನೆಯಲ್ಲೂ ತೊಂಬತ್ತರವರಿದ್ದರೆ ಮೇಲೆ ಹೇಳಿದ್ದೆಲ್ಲ ಅವರಿಗೂ ಅನ್ವಯ. ಹುಟ್ಟಿದ ವರ್ಷವೇ ಖಚಿತ ಇಲ್ಲದ ತೊಡಕು ಇಲ್ಲಿ ಜಾಸ್ತಿ.

ಈಗ ನಿಮ್ಮ ಅಜ್ಜಿಯ 19ಕ್ಕೆ ಬರೋಣ. ಬರೀ 19 ಅನ್ನುವುದರಿಂದ ನಾನು ಏನೂ ಹೇಳಲಾರೆ. ಉಳಿದ 11 ಅಂಕ ಎಲ್ಲೆಲ್ಲಿ ಕಳೆದುಕೊಂಡರು ಅನ್ನುವುದು ಮುಖ್ಯ. ಒಬ್ಬರು ಮೂರು ಪದ ಮತ್ತೆ ಹೇಳುವಲ್ಲಿ ಆರಕ್ಕೆ ಆರೂ ಕಳೆದುಕೊಂಡು, ತಾರೀಕಿನಲ್ಲಿ ಮೂರು, ತೋರಿಸಿದ ವಸ್ತುಗಳಲ್ಲಿ ಎರಡು ಕಳೆದುಕೊಂಡಿರಬಹುದು. "ಒಂದು ಗಿಡ, ಒಂದು ಪ್ರಾಣಿ" ಅಂತ ಸುಳಿವು ಕೊಟ್ಟರೂ ಅವರಿಗೆ ಹೊಳೆಯುವುದಿಲ್ಲ. ಇಂಥವರನ್ನು ಕಂಡರೆ ನನಗೆ ಚಿಂತೆ ಆಗುತ್ತದೆ, ವಯಸ್ಸು 93 ಆದರೂ. ಇನ್ನೊಬ್ಬರು ನೂರರಿಂದ ಏಳೇಳು ಕಳೆಯುವಲ್ಲಿ ಎರಡು, ಅಂಕಿ ತಿರುಗಿಸಿ ಹೇಳುವಲ್ಲಿ ಎರಡು, ತರಕಾರಿಯಲ್ಲಿ ನಾಲ್ಕು, ತಾರೀಕು, ವಸ್ತು, ಪದಗಳಲ್ಲಿ ಒಂದೊಂದು ಕಳೆದುಕೊಂಡಿರಬಹುದು. ಇವರಿಗೂ 19. ಇವರಲ್ಲಿ ಕಿವಿ, ಸುಸ್ತು, ಮನಸ್ಸಿನ ಬೇಸರ, ನಿದ್ದೆ ಮಾತ್ರೆ ಇವನ್ನೆಲ್ಲ ನಾನು ಮೊದಲು ನೋಡುತ್ತೇನೆ.

ನೀವು ಮಾಡಬಹುದಾದದ್ದು ಇದು. ಡಾಕ್ಟರ ಹತ್ತಿರ ಒಟ್ಟು ಅಂಕ ಬಿಟ್ಟು ಪ್ರಶ್ನೆವಾರು ಹಾಳೆ ಕೇಳಿ. ಕಿವಿ ಪರೀಕ್ಷೆ ಆಗಿದೆಯಾ ಅಂತ ಕೇಳಿ. ಆಗಿರದಿದ್ದರೆ ಅದನ್ನು ಮಾಡಿಸಿ, ಕಿವಿಗೆ ಯಂತ್ರ ಹಾಕಿಸಿ, ಬೆಳಗಿನ ಹೊತ್ತು ಮತ್ತೆ ಟೆಸ್ಟ್ ಮಾಡಿಸಿ. ಎರಡನೇ ಸಲಕ್ಕೆ ಬೇರೆ ಮೂರು ಪದಗಳ ಜೋಡಣೆ ಇದೆ, ಅದನ್ನು ಬಳಸಲು ಹೇಳಿ. ಆರು ತಿಂಗಳಿಂದ ಒಂದು ವರ್ಷ ಬಿಟ್ಟು ಮತ್ತೊಮ್ಮೆ ನೋಡಿ. ಈ ವಯಸ್ಸಿನಲ್ಲಿ ಅಜ್ಜಿಗೆ ಸಿಗುವ ಒಳ್ಳೆಯ ಚಾರ್ಟ್ ಅಂದರೆ ಹೋದ ವರ್ಷದ ಅದೇ ಅಜ್ಜಿ. ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ "ಮೊನೊವಾಸುರೆ ಗೈರೈ" ಅನ್ನುವ ಮರೆವಿನ ಕ್ಲಿನಿಕ್ ಇದ್ದರೆ ಅಲ್ಲಿಗೆ ತೋರಿಸಿ. ಹೋಗುವಾಗ ನಿಮ್ಮ ಮಾವ ಒಬ್ಬರೇ ಬೇಡ, ನಾದಿನಿಯೂ ಹೋಗಲಿ. ಅಜ್ಜಿ ಎರಡು ವರ್ಷದ ಹಿಂದೆ ಮಾಡುತ್ತಿದ್ದ ಯಾವ ಕೆಲಸ ಈಗ ಬಿಟ್ಟಿದ್ದಾರೆ, ಯಾಕೆ ಬಿಟ್ಟಿದ್ದಾರೆ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಲಿ. ಉಪ್ಪಿನಕಾಯಿ ಹಾಕುವುದನ್ನು ಸೊಂಟನೋವಿಗೆ ಬಿಟ್ಟರಾ, ಹೇಗೆ ಹಾಕುವುದು ಅನ್ನುವುದೇ ಮರೆತು ಬಿಟ್ಟರಾ?

ಹಾಳೆ ಸಿಕ್ಕಿದ ಮೇಲೆ ಮೊದಲು ಏಳನೇ ಪ್ರಶ್ನೆ ನೋಡಿ. ಮೂರು ಪದ ಮತ್ತೆ ಹೇಳುವುದು ಅದೇ. ಅದರ ಮುಂದೆ ಎಷ್ಟು ಅಂಕ ಇದೆ, ಸುಳಿವು ಕೊಟ್ಟ ಮೇಲೆ ಎಷ್ಟು ಬಂತು ಅಂತ ನನಗೆ ಬರೆಯಿರಿ.